ಗೋಧಿ ಬಿಡುವ ಮುನ್ನ ರಕ್ತಪರೀಕ್ಷೆ

ದೂರದ ಓಟಗಾರರಲ್ಲಿ ಹೊಟ್ಟೆ ಕೆಟ್ಟರೆ ಗೋಧಿಯನ್ನೇ ದೂರುವವರು ಹಲವರು. ಓಡುವಾಗ ರಕ್ತ ಕರುಳನ್ನು ಬಿಟ್ಟು ಸ್ನಾಯುಗಳತ್ತ ಹರಿಯುವುದರಿಂದಲೂ ಹೊಟ್ಟೆ ಕೆಡುತ್ತದೆ. ಸೀಲಿಯಾಕ್ ಕಾಯಿಲೆ ಇದ್ದವರ ಪಾಡು ಬೇರೆ: ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಅವರ ಸಣ್ಣಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ. ಅದರಿಂದಾಗುವ ರಕ್ತಹೀನತೆಯ ಸುಸ್ತನ್ನು ಓಟದ ಸುಸ್ತೆಂದೇ ತಿಳಿಯುವ ಅಪಾಯವಿದೆ. ಆದ್ದರಿಂದ ಗೋಧಿ ತಿನ್ನುತ್ತಿರುವಾಗಲೇ ಪರೀಕ್ಷೆ ಮಾಡಿಸಬೇಕು. ಬಿಟ್ಟ ಮೇಲೆ ಆ ಪರೀಕ್ಷೆ ರಕ್ತದಲ್ಲಿ ಹುಡುಕುವ ಪ್ರತಿಕಾಯಗಳು ಇಳಿದು ರೋಗ ತಪ್ಪಿಸಿಕೊಳ್ಳಬಹುದು.

ಗೋಧಿ ಬಿಟ್ಟ ಮೇಲೆ ಚೆನ್ನಾಗಿ ಓಡುತ್ತಿದ್ದೇವೆ ಎನ್ನುವವರ ಅನುಭವ ಸುಳ್ಳಲ್ಲ. ಗೋಧಿಯಲ್ಲಿರುವ ಫ್ರಕ್ಟಾನ್ ಎಂಬ ಜೀರ್ಣವಾಗದ ಶರ್ಕರಪಿಷ್ಟ ತಪ್ಪಿದ್ದೂ ಅದಕ್ಕೆ ಕಾರಣವಿರಬಹುದು. ಆದರೆ ಸೀಲಿಯಾಕ್ ಇಲ್ಲದ 13 ಸೈಕಲ್ ಸ್ಪರ್ಧಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗ್ಲುಟೆನ್ ಬಿಟ್ಟದ್ದರಿಂದ ವೇಗವೇನೂ ಹೆಚ್ಚಲಿಲ್ಲ. ರೋಗ ಖಚಿತವಾದವರಿಗಂತೂ ಅನ್ನ, ರಾಗಿಮುದ್ದೆ, ಜೋಳದ ರೊಟ್ಟಿ ಇದ್ದೇ ಇವೆ. ಆದರೆ ಅವರು ಸಾರಿನ ಒಗ್ಗರಣೆಯ ಇಂಗನ್ನೂ ವಿಚಾರಿಸಬೇಕು, ಅದಕ್ಕೆ ಗೋಧಿಹಿಟ್ಟು ಬೆರೆಸುವುದುಂಟು.