ಆಟಕ್ಕುಂಟು, ಲೆಕ್ಕಕ್ಕಿಲ್ಲ: ಎಳೆಯರಲ್ಲಿ ಸ್ಪರ್ಧಾಭಾವ

ಮಕ್ಕಳ ಸ್ಪರ್ಧಾಭಾವವು ಹಿರಿಯರು ಕಲಿಸಿದ ಕೆಡುಕೆಂದು ಬಗೆಯುವವರುಂಟು. ಹುಟ್ಟುಗುಣವೆಂದು ಅದನ್ನು ಹುರಿದುಂಬಿಸುವವರೂ ಉಂಟು. ಎರಡು ಪಕ್ಷದವರೂ ಒಂದು ಸಂಗತಿಯನ್ನು ಗಮನಿಸಿದಂತೆ ತೋರದು. ಗೆಲ್ಲಬೇಕೆಂಬ ಬಯಕೆ ಮಗುವಿನಲ್ಲಿ ಬೇಗನೆ ಮೂಡುತ್ತದೆ. ಸೋಲನ್ನು ತೂಗಿ ನೋಡುವ ಶಕ್ತಿಯಾದರೋ ತಡವಾಗಿ ಬರುತ್ತದೆ. ತೊಡಕೆಲ್ಲ ಇರುವುದು ಈ ನಡುವಣ ವರ್ಷಗಳಲ್ಲಿಯೇ.

ನಾಲ್ಕು ವರ್ಷದ ಮಗು ಮೆಟ್ಟಿಲನ್ನು ತಾನೇ ಮೊದಲು ಹತ್ತಿದೆನೆಂದು ಕೂಗುತ್ತದೆ. ಸೋತರೆ ಕಾಯಿಗಳನ್ನು ಚೆಲ್ಲಿ ಅಳುತ್ತದೆ. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನ್ ರೂಬಲ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇತರರ ಫಲದೊಡನೆ ತನ್ನ ಫಲವನ್ನು ಹೋಲಿಸಿ ತನ್ನ ಸಾಮರ್ಥ್ಯವನ್ನು ಅಳೆದುಕೊಳ್ಳುವ ಪರಿಪಾಟಿ ಏಳೆಂಟು ವರ್ಷಕ್ಕೆ ಮುಂಚೆ ತೀರ ಕಡಮೆ. ಎಳೆಯ ಮಗು ಅಳುವುದು ಕೈತಪ್ಪಿದ ಗೆಲವಿಗಾಗಿ. 'ನಾನು ಕೈಲಾಗದವನು' ಎಂಬ ತೀರ್ಮಾನ ಅದರದಲ್ಲ. ಅದನ್ನು ಮೊದಲು ತಿಳಿಸುವುದು ಬಹುಶಃ ಹಿರಿಯರ ಮುಖಭಾವವೇ.

ಸ್ಪರ್ಧೆಯು ಎಲ್ಲರನ್ನೂ ಚುರುಕುಗೊಳಿಸುವುದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 1898ರಲ್ಲಿ ನಾರ್ಮನ್ ಟ್ರಿಪ್ಲೆಟ್ ಎಂಬಾತನು 40 ಮಕ್ಕಳಿಂದ ಮೀನುಗಾಳದ ರಾಟೆಯನ್ನು ಒಂಟಿಯಾಗಿಯೂ ಜೊತೆಯಲ್ಲಿಯೂ ಸುತ್ತಿಸಿದನು. ಜೊತೆಯಲ್ಲಿ 20 ಮಕ್ಕಳ ವೇಗ ಹೆಚ್ಚಿತು, 10 ಮಕ್ಕಳಲ್ಲಿ ವ್ಯತ್ಯಾಸವಾಗಲಿಲ್ಲ, ಉಳಿದ 10 ಮಕ್ಕಳು ಆತುರದಲ್ಲಿ ಇನ್ನೂ ನಿಧಾನವಾದರು. ಸ್ಪರ್ಧೆಯನ್ನು ಹೊಗಳುವವರು ಈ ಪ್ರಯೋಗವನ್ನು ಸಾಕ್ಷಿಗೆ ಕರೆಯುವುದುಂಟು; ಕೈ ತಡವರಿಸಿದ ಆ ಹತ್ತು ಮಕ್ಕಳನ್ನು ಮರೆಯುವುದೂ ಉಂಟು.

ಕನ್ನಡದ ಬೀದಿಯಾಟಗಳು ಈ ತೊಡಕನ್ನು ತಮ್ಮದೇ ರೀತಿಯಲ್ಲಿ ಬಿಡಿಸಿದ್ದುವು. ತೀರ ಚಿಕ್ಕವನನ್ನು 'ಆಟಕ್ಕುಂಟು, ಲೆಕ್ಕಕ್ಕಿಲ್ಲ' ಎಂದು ಸೇರಿಸಿಕೊಳ್ಳುತ್ತಿದ್ದರು. ಅವನು ಓಡಬಹುದು, ಅಡಗಬಹುದು, ಮುಟ್ಟಿಸಿಕೊಂಡರೂ ಔಟಲ್ಲ. ಮರಾಠಿಯ 'ಲಿಂಬೂ-ಟಿಂಬೂ', ಹಿಂದಿಯ 'ಕಚ್ಚಾ ನಿಂಬೂ' ಇದೇ ಜಾತಿಯವು. ಇಂದು ಈ ಮಾತನ್ನು ಹಿರಿಯರನ್ನು ಹಂಗಿಸಲು ಬಳಸುತ್ತಾರೆ. ಮಕ್ಕಳ ನಡುವೆ ಅದು ದಯೆಯ ಕಟ್ಟಳೆ. ಚೌಕಾಬಾರದಲ್ಲಿ ಕವಡೆ ಬಿದ್ದಂತೆ ಆಟ. ಐದು ವರ್ಷದ ಮೊಮ್ಮಗಳು ಅಜ್ಜಿಯನ್ನು ನ್ಯಾಯವಾಗಿಯೇ ಸೋಲಿಸಬಲ್ಲಳು, ಮರುಗಳಿಗೆಯಲ್ಲಿ ಸೋಲಬಲ್ಲಳು. ಸೋಲು ಬುದ್ಧಿಯ ಅಳತೆಯಲ್ಲವೆಂಬುದು ಅಲ್ಲಿ ಉಪದೇಶವಿಲ್ಲದೆ ತಿಳಿಯುತ್ತದೆ. ಚದುರಂಗದಲ್ಲಿ ಈ ಸೌಕರ್ಯವಿಲ್ಲ. ಆಗ ಹಿರಿಯರು ಬೇಕೆಂದೇ ಸೋಲುವುದಕ್ಕಿಂತ ಆನೆಯೊಂದನ್ನು ಮೊದಲೇ ತೆಗೆದಿಟ್ಟು ಆಡುವುದು ಮೇಲು. ಸುಳ್ಳು ಸೋಲನ್ನು ಮಕ್ಕಳು ಬೇಗನೆ ಕಂಡುಹಿಡಿಯುತ್ತಾರೆ.

ಹೊರನಾಡಿನ ಸಂಘಗಳಿಗೆ ಈ ವಿಚಾರ ದೂರದ್ದಲ್ಲ. ರಾಜ್ಯೋತ್ಸವದ ಕಂಠಪಾಠ ಸ್ಪರ್ಧೆಯಲ್ಲಿ ಐದಾರು ವರ್ಷದವರಿಗೂ ಪ್ರಥಮ, ದ್ವಿತೀಯಗಳನ್ನು ಸಾರುವ ರೂಢಿಯುಂಟು. ಮರಾಠಿ, ಹಿಂದಿಗಳಲ್ಲಿ ಎ-ಏ, ಒ-ಓಗಳ ಹ್ರಸ್ವದೀರ್ಘ ಭೇದವಿಲ್ಲ. ಆ ಭಾಷೆಗಳ ನಡುವೆ ಬೆಳೆದ ಮಗು ಅವನ್ನು ಬೆರೆಸುವುದು ಸಹಜ. ಅದಕ್ಕಾಗಿ ಅಂಕ ಕಳೆದುಕೊಂಡ ಮಗುವಿಗೆ ಕನ್ನಡವೇ ತಾನು ಸೋತ ಸ್ಥಳವಾಗಿ ಉಳಿದರೆ, ಸಂಘವು ಒಂದು ಬೆಳ್ಳಿಯ ಬಟ್ಟಲನ್ನು ಕೊಟ್ಟು ಒಬ್ಬ ಓದುಗನನ್ನು ಕಳೆದುಕೊಂಡಂತೆ.

ಗೆದ್ದವರ ಸ್ಥಿತಿಯೂ ಅಷ್ಟು ನಿರಾತಂಕವಲ್ಲ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬವರು ಚಿತ್ರ ಬರೆಯುವುದನ್ನು ತಾವಾಗಿಯೇ ಮೆಚ್ಚಿದ್ದ ಶಿಶುವಿಹಾರದ ಮಕ್ಕಳನ್ನು ಪರೀಕ್ಷಿಸಿದರು. ಪ್ರಶಸ್ತಿಪತ್ರ ಸಿಗುವುದೆಂದು ಮೊದಲೇ ಕೇಳಿ ಬರೆದವರು, ಒಂದೆರಡು ವಾರಗಳ ಅನಂತರ, ಉಳಿದವರ ಸುಮಾರು ಅರ್ಧದಷ್ಟು ಹೊತ್ತನ್ನು ಮಾತ್ರ ಚಿತ್ರಕ್ಕೆ ಕೊಟ್ಟರು. ಅನಿರೀಕ್ಷಿತವಾಗಿ ಪಡೆದವರಲ್ಲಿ ಈ ಇಳಿತ ಕಾಣಲಿಲ್ಲ.

ಆದುದರಿಂದ ಏಳು ವರ್ಷಕ್ಕೆ ಕೆಳಗಿನವರನ್ನು ವೇದಿಕೆಗೆ ಹತ್ತಿಸಿ, ತೀರ್ಪುಗಾರರ ಪಟ್ಟಿಯಿಂದ ಹೊರಗಿಡುವುದು ಯುಕ್ತ. ಸಾಲು ಮರೆತ ಮಗುವಿಗೆ ಸಭೆಯೇ ದನಿಗೂಡಿಸಲಿ. ಎಂಟು ದಾಟಿದವರಿಗೆ ಶ್ರೇಣಿ ಇರಲಿ. ಆದರೆ ಯಾವ ಅಕ್ಷರ ತೊಡರಿತು, ಯಾವ ಚರಣ ಕಳೆದ ವರ್ಷಕ್ಕಿಂತ ಚೆನ್ನಾಗಿ ಬಂದಿತು ಎಂಬುದನ್ನು ಪ್ರತಿಯೊಬ್ಬರಿಗೂ ತಿಳಿಸುವಷ್ಟು ಹೊತ್ತನ್ನು ಕಾರ್ಯಕ್ರಮದಲ್ಲಿ ಮೊದಲೇ ತೆಗೆದಿಡಬೇಕಾಗುತ್ತದೆ.