ಹೆಸರು ಮರೆತ ಸಿನಿಮಾಗಳ ಬೆನ್ನು ಹತ್ತಿ



ನಿಮಗೆ ಯಾವುದಾದರೂ ಸಿನಿಮಾ ನೋಡಬೇಕೆನಿಸಿದರೆ ಮೊಬೈಲಿನಲ್ಲಿ ಹೆಸರು ಒತ್ತುತ್ತೀರಿ, ಅರೆ ನಿಮಿಷದಲ್ಲಿ ಅದು ಕಣ್ಣೆದುರಿಗೆ ಬರುತ್ತದೆ. ಆದರೆ ಹೆಸರೇ ನೆನಪಿಲ್ಲದಿದ್ದರೆ? ಭಾಷೆ ಯಾವುದೆಂಬುದೂ ಮರೆತುಹೋಗಿದ್ದರೆ? ನಮ್ಮ ತಲೆಮಾರಿನವರಿಗೆ ಇದು ನಿಜವಾದ ತೊಂದರೆ. ನಾವು ಚಿಕ್ಕವರಿದ್ದಾಗ ಒಂದು ಚಿತ್ರವನ್ನು ಒಮ್ಮೆ ನೋಡಿದರೆ ಮುಗಿಯಿತು. ಅದು ಟಾಕೀಸಿನಿಂದ ಎತ್ತಂಗಡಿಯಾದ ಮೇಲೆ ಮತ್ತೆ ಸಿಗುತ್ತಿರಲಿಲ್ಲ. ಮನಸ್ಸಿನಲ್ಲಿ ಉಳಿಯುತ್ತಿದ್ದುದು ಒಂದು ಸಿಂಹ, ಒಂದು ಗುಹೆ, ಯಾರೋ ಅತ್ತದ್ದು, ಇಂಟರ್‌ವಲ್‌ನಲ್ಲಿ ತಿಂದ ಕಡಲೆಕಾಯಿ, ಅಷ್ಟೇ. ಅಂಥ ಚೂರುಗಳನ್ನು ಹಿಡಿದು ಇಡೀ ಸಿನಿಮಾ ಹುಡುಕುವ ಹುಚ್ಚು ಈಚೆಗೆ ನನಗೆ ಅಂಟಿಕೊಂಡಿದೆ. ಆ ಹುಡುಕಾಟದಲ್ಲಿ ಕಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳೋಣವೆಂದು ಈ ಲೇಖನ.

ಇದು ನಮ್ಮೊಬ್ಬರ ಕಥೆಯಲ್ಲ

ಈ ಹುಚ್ಚು ಇಂಗ್ಲೆಂಡಿನವರಿಗೂ ಇದೆ. ಪೂರ್ವ ಜರ್ಮನಿಯ ಡೇಫಾ ಸಂಸ್ಥೆ ೧೯೫೭ರಲ್ಲಿ ಹಾಡುವ ಮರವೊಂದರ ಕಥೆಯನ್ನು ಚಿತ್ರ ಮಾಡಿತು. ಅದರಲ್ಲಿ ಗರ್ವದ ರಾಜಕುಮಾರಿ, ಕರಡಿಯಾದ ರಾಜಕುಮಾರ, ಕೇಡಿಗ ಕುಳ್ಳ, ದೊಡ್ಡದೊಂದು ಮೀನು ಎಲ್ಲವೂ ಇವೆ. ಬಿಬಿಸಿ ೧೯೬೪ರಲ್ಲಿ ಇದನ್ನು ಮೂರು ಕಂತುಗಳಾಗಿ ಟಿವಿಯಲ್ಲಿ ತೋರಿಸಿತು. ಜರ್ಮನ್ ಮಾತು ಹಾಗೆಯೇ ಕೇಳಿಸುತ್ತಿತ್ತು, ಅದರ ಮೇಲೆ ಇಂಗ್ಲಿಷಿನಲ್ಲಿ ಒಬ್ಬರು ಕಥೆ ಹೇಳುತ್ತಿದ್ದರು. ಮೂಲ ಚಿತ್ರ ಬಣ್ಣದ್ದು. ಆ ಮಕ್ಕಳು ನೋಡಿದ್ದು ಕಪ್ಪು ಬಿಳುಪಿನಲ್ಲಿ. ಅವರು ದೊಡ್ಡವರಾದ ಮೇಲೂ ಆ ಕುಳ್ಳನನ್ನು ನೆನೆದು ಬೆಚ್ಚುತ್ತಿದ್ದರಂತೆ. ಅರ್ಥವಾಗದ ಮಾತು, ಅರ್ಧ ಅರ್ಥವಾದ ಕಥೆ ಮಕ್ಕಳ ಮನಸ್ಸಿನಲ್ಲಿ ಎಷ್ಟು ಆಳವಾಗಿ ಇಳಿಯುತ್ತದೆ ನೋಡಿ.

ಎರಡು ಸೈನ್ಯ, ಎರಡು ಪುಟಾಣಿ

ಇನ್ನು ನಮ್ಮ ಕನ್ನಡಕ್ಕೆ ಬರೋಣ. ವಿಜಯವಾಡದಲ್ಲಿ ಬೆಳೆದ ಕನ್ನಡದ ಮಕ್ಕಳು ಕನ್ನಡ ಸಿನಿಮಾ ನೋಡುತ್ತಿದ್ದುದು ಬೇಸಿಗೆ ರಜೆಯಲ್ಲಿ, ಅಜ್ಜನ ಊರಿಗೆ ಹೋದಾಗ. ವರ್ಷಕ್ಕೊಮ್ಮೆ ನೋಡಿದ್ದು ಮುಂದಿನ ವರ್ಷದ್ದರ ಜೊತೆ ಬೆರೆಯದೆ ಇರುತ್ತದೆಯೇ? ವಿಶಾಖಪಟ್ಟಣದ ನನ್ನ ಗೆಳತಿಯೊಬ್ಬಳು, "ಮಕ್ಕಳ ಸೈನ್ಯ ಅಂತ ಒಂದು ಸಿನಿಮಾ, ಅದರಲ್ಲಿ ಅರ್ಜುನ್ ಸರ್ಜಾ ಹುಡುಗನಾಗಿದ್ದ ಕಣೇ" ಎನ್ನುತ್ತಿದ್ದಳು. ಹುಡುಕಿದಾಗ ಸಿಕ್ಕಿದ್ದು ಎರಡು ಸೈನ್ಯ! ೧೯೮೦ರ 'ಮಕ್ಕಳ ಸೈನ್ಯ' ನಟಿ ಲಕ್ಷ್ಮಿ ನಿರ್ದೇಶಿಸಿದ್ದು; ವಿಷ್ಣುವರ್ಧನ್ ಅದರ ನಾಯಕ. ಅರ್ಜುನ್ ಸರ್ಜಾ ಮೊದಲು ತೆರೆಗೆ ಬಂದದ್ದು ೧೯೮೧ರ 'ಸಿಂಹದ ಮರಿ ಸೈನ್ಯ'ದಲ್ಲಿ. ಅದರ ನಿರ್ದೇಶಕರು ರಾಜೇಂದ್ರಸಿಂಗ್ ಬಾಬು. ಹಾಗೆಯೇ ಗೀತಪ್ರಿಯ ಅವರು ೧೯೭೯ರಲ್ಲಿ 'ಪುಟಾಣಿ ಏಜೆಂಟ್ ೧೨೩' ಮಾಡಿ, ೧೯೮೧ರಲ್ಲಿ 'ಪ್ರಚಂಡ ಪುಟಾಣಿಗಳು' ಮಾಡಿದರು. ಹೆಸರು ಹೀಗೆ ಹತ್ತಿರ ಹತ್ತಿರವಿದ್ದರೆ ನಲವತ್ತು ವರ್ಷದ ಮೇಲೆ ಯಾರ ತಲೆಯಲ್ಲಾದರೂ ಎರಡು ಸೇರಿ ಒಂದಾಗುತ್ತವೆ. ಅದೇ ಸುಮಾರಿಗೆ ಬಂದ ವಾದಿರಾಜ್ ಅವರ 'ದಂಗೆಯೆದ್ದ ಮಕ್ಕಳು' ಚಿತ್ರಕ್ಕೆ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೇ ಬಂತು. ನಿಮ್ಮ ಮನೆಯಲ್ಲಿ ಯಾರಿಗಾದರೂ ಅದರ ನೆನಪಿದೆಯೇ, ಕೇಳಿ.

ಅಜ್ಜಿಯ ಮಾತು ನಿಜವಾಯಿತು

ನಮ್ಮತ್ತೆ ಹೊಸಪೇಟೆ ಕಡೆಯವರು. 'ಮಾಯಾಬಜಾರ್' ಚಿತ್ರವನ್ನು ತಾವು ಕನ್ನಡದಲ್ಲಿ ನೋಡಿದ್ದಾಗಿ ಆಗಾಗ ಹೇಳುತ್ತಿದ್ದರು. ನನ್ನ ಮಕ್ಕಳು, "ಹೌದಾ ಅಜ್ಜಿ, ಎನ್.ಟಿ.ಆರ್. ಕನ್ನಡ ಮಾತಾಡಿದ್ರಾ?" ಎಂದು ಗೇಲಿ ಮಾಡಿ ನಗುತ್ತಿದ್ದರು. ಅಜ್ಜಿಗೆ ವಯಸ್ಸಾಯಿತು, ಮರೆವು ಬಂತು ಎಂದು ಎಲ್ಲರೂ ತೀರ್ಮಾನಿಸಿದ್ದೆವು. ಆದರೆ ಅತ್ತೆಯ ಮಾತು ನೂರಕ್ಕೆ ನೂರು ಸರಿ. ಕೆ.ವಿ. ರೆಡ್ಡಿಯವರು ನಿರ್ದೇಶಿಸಿದ, ೧೯೫೭ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಬಂದ ಆ ಚಿತ್ರ ಕನ್ನಡಕ್ಕೂ ಡಬ್ ಆಗಿತ್ತು. ಅ.ನ.ಕೃ. ಮೊದಲಾದವರ ಚಳವಳಿಯಿಂದ ೧೯೬೦ರ ದಶಕದಲ್ಲಿ ಕನ್ನಡಕ್ಕೆ ಡಬ್ಬಿಂಗ್ ನಿಂತಿತು. ಆಮೇಲೆ ಹುಟ್ಟಿದವರಿಗೆ ಅಂಥದೊಂದು ಕಾಲವಿತ್ತೆಂಬುದೇ ತಿಳಿಯದೆ ಹೋಯಿತು.

ಇನ್ನೊಂದು ವಿಷಯ. 'ಮಾಯಾಬಜಾರ್' ತಯಾರಿಸಿದ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರೇ 'ಚಂದಮಾಮ'ವನ್ನೂ ಹುಟ್ಟುಹಾಕಿದವರು. ೧೯೪೭ರಲ್ಲಿ ತೆಲುಗು, ತಮಿಳಿನಲ್ಲಿ ಆರಂಭವಾದ ಆ ಪತ್ರಿಕೆ ೧೯೪೯ರಲ್ಲಿ ಕನ್ನಡಕ್ಕೂ ಬಂತು. ತೆಲುಗು ಮಗುವೂ ಕನ್ನಡ ಮಗುವೂ ಒಂದೇ ಕಣಜದ ಕಥೆ ಉಂಡು ಬೆಳೆದವು ಎಂದರೆ ತಪ್ಪಿಲ್ಲ. ಸಿನಿಮಾ ಕಚೇರಿಗಳು ಬೆಂಗಳೂರಿನಲ್ಲಿ ಇದ್ದದ್ದು ಗಾಂಧಿನಗರದಲ್ಲಿ. ವಿಜಯವಾಡದಲ್ಲಿ ಚಿತ್ರ ಹಂಚಿಕೆದಾರರ ಕಚೇರಿಗಳಿದ್ದ ಬಡಾವಣೆಯ ಹೆಸರೂ ಗಾಂಧಿನಗರವೇ!

ಗೋಡೆಯ ಮೇಲೆ ನಡೆದ ಹುಡುಗರು

ಈಗ ನನ್ನ ತಮ್ಮನ ಸಿನಿಮಾ. "ಅಕ್ಕಾ, ಹುಡುಗರು ಗೋಡೆ ಹತ್ತಿ ಸೂರಿನ ಮೇಲೆ ತಲೆಕೆಳಗಾಗಿ ನಡೀತಿದ್ರಲ್ಲ, ಒಂದು ಪುಟ್ಟ ಭೂತ ಹೆಂಡ ಕುಡೀತಿತ್ತಲ್ಲ, ಯಾವ ಕನ್ನಡ ಸಿನಿಮಾ ಅದು?" ಎಂದು ಪುಣೆಯಿಂದ ಫೋನ್ ಮಾಡಿದ. ಆ ವರ್ಷಗಳ ಕನ್ನಡ ಚಿತ್ರಗಳ ಪಟ್ಟಿಯನ್ನೆಲ್ಲ ಅವನು ಜಾಲಾಡಿದ್ದನಂತೆ. ಸಿಕ್ಕಿರಲಿಲ್ಲ. ಸಿಗುವುದಾದರೂ ಹೇಗೆ? ಅದು ೧೯೮೪ರಲ್ಲಿ ಮಲಯಾಳದಲ್ಲಿ ಬಂದ 'ಮೈ ಡಿಯರ್ ಕುಟ್ಟಿಚಾತ್ತನ್', ಭಾರತದ ಮೊದಲ ತ್ರಿಡಿ ಚಿತ್ರ. ನಿರ್ದೇಶಕರು ಜಿಜೊ ಪುನ್ನೂಸ್, ಸಂಗೀತ ಇಳಯರಾಜ. ಆಂಧ್ರದಲ್ಲಿ ಅದು 'ಚಿನ್ನಾರಿ ಚೇತನ' ಎಂಬ ಹೆಸರಿನಲ್ಲಿ ತೆಲುಗಿನಲ್ಲಿ ಓಡಿತು. ಕನ್ನಡದಲ್ಲಿ ಬರಲಿಲ್ಲ. ಗೋಡೆಯ ಮೇಲಿನ ನಡಿಗೆಗಾಗಿ ಇಡೀ ಕೋಣೆಯೇ ತಿರುಗುವಂತೆ ಸೆಟ್ ಕಟ್ಟಿ, ಕ್ಯಾಮೆರಾವನ್ನೂ ಅದರ ಜೊತೆಗೇ ತಿರುಗಿಸಿದ್ದರು. ಕನ್ನಡಕದಿಂದ 'ಮದ್ರಾಸ್ ಐ' ಅಂಟುತ್ತದೆಂದು ಸುದ್ದಿ ಹಬ್ಬಿದಾಗ, ಅವನ್ನು ಪ್ರತಿ ಆಟದ ನಂತರ ಶುದ್ಧಗೊಳಿಸುತ್ತೇವೆಂದು ಹೆಸರಾಂತ ನಟರಿಂದಲೇ ಚಿತ್ರದ ಆರಂಭದಲ್ಲಿ ಹೇಳಿಸಿದ್ದರು.

ಹಾಗಾದರೆ ತಮ್ಮನಿಗೆ ಅದು ಕನ್ನಡದಲ್ಲಿ ನೆನಪಿರುವುದು ಹೇಗೆ? ನಾವು ದಾವಣಗೆರೆಯಿಂದ ವಿಜಯವಾಡಕ್ಕೆ ಬಂದ ಹೊಸತು ಅದು. ಅವನಿಗೆ ಐದು ವರ್ಷ, ತೆಲುಗು ಒಂದಕ್ಷರ ಬಾರದು. ಅಮ್ಮ ಬಳ್ಳಾರಿಯವಳು, ತೆಲುಗು ಬಲ್ಲವಳು. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಮೂಗಿನಿಂದ ಜಾರುವ ಕನ್ನಡಕವನ್ನು ಒಂದು ಕೈಯಲ್ಲಿ ಹಿಡಿದು, ಪ್ರತಿಯೊಂದು ಮಾತನ್ನೂ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋದಳು. ಅವನ ತಲೆಯಲ್ಲಿ ಆ ಭೂತ ಇಂದಿಗೂ ಬಳ್ಳಾರಿ ಕನ್ನಡದಲ್ಲೇ ಮಾತಾಡುತ್ತದೆ.

ಚಿತ್ರ ಕೊನೆಗೂ ಸಿಕ್ಕಿತು. ಇಬ್ಬರೂ ಬೇರೆ ಬೇರೆ ಊರಿನಲ್ಲಿ ಕುಳಿತು ಮಲಯಾಳದಲ್ಲೇ ನೋಡಿದೆವು. ಭೂತ ಬಾವಲಿಯಾಗಿ ಹಾರಿಹೋಯಿತು. ತಮ್ಮ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಿನಿಮಾ ಇದೇ ಅಕ್ಕಾ, ಆದರೆ ದನಿ ಇದಲ್ಲ" ಎಂದ. ಅಮ್ಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಆ ದನಿಯನ್ನು ಯಾರೂ ರೆಕಾರ್ಡ್ ಮಾಡಿಟ್ಟಿಲ್ಲ.

ನೀವು ಹುಡುಕುವುದಾದರೆ

ಹಿರಿಯರನ್ನು ಕೇಳುವಾಗ ಸಿನಿಮಾದ ಹೆಸರು ಕೇಳಬೇಡಿ. ಕಣ್ಣಿಗೆ ಏನು ಕಾಣುತ್ತದೆಂದು ಕೇಳಿ. ಆಗ ಯಾವ ತರಗತಿ, ಯಾವ ಊರು, ಪಕ್ಕದಲ್ಲಿ ಯಾರು ಕುಳಿತಿದ್ದರು ಎಂದು ಕೇಳಿ. ವರ್ಷ ತಾನಾಗಿ ಹೊರಬರುತ್ತದೆ. ಕನ್ನಡದಲ್ಲಿ ಸಿಗದಿದ್ದರೆ ತೆಲುಗು, ತಮಿಳು, ಮಲಯಾಳವನ್ನೂ ಜಾಲಾಡಿ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬಂತೆ ಆಗಬಾರದಲ್ಲ! ಶಾಲೆಯಲ್ಲಿ ಅಥವಾ ದೂರದರ್ಶನದಲ್ಲಿ ನೋಡಿದ ಹಿಂದಿ ಚಿತ್ರವಾದರೆ ಅದು ಮಕ್ಕಳ ಚಲನಚಿತ್ರ ಸಂಸ್ಥೆಯದಿರಬಹುದು. ೧೯೫೫ರಲ್ಲಿ ಹುಟ್ಟಿದ ಆ ಸರ್ಕಾರಿ ಸಂಸ್ಥೆಯ ಮೊದಲ ಚಿತ್ರ ಕೇದಾರ್ ಶರ್ಮಾ ಅವರ 'ಜಲದೀಪ' (೧೯೫೬). ಸಂಸ್ಥೆ ೨೦೨೨ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿತು. ೧೯೬೪ರಲ್ಲಿ ಆರಂಭವಾದ ಪುಣೆಯ ಚಲನಚಿತ್ರ ಸಂಗ್ರಹಾಲಯವೂ ಈಗ ಅದರಡಿಯಲ್ಲೇ ಇದೆ.

ಎಲ್ಲವೂ ಸಿಗುತ್ತವೆ ಎಂದು ಮಾತ್ರ ತಿಳಿಯಬೇಡಿ. ಕನ್ನಡದ ಮೊದಲ ವಾಕ್ಚಿತ್ರ, ೧೯೩೪ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಉಳಿದಿಲ್ಲ. ರೀಲು ಹಾಳಾದರೆ ಹೋಯಿತು. ನೋಡಿದವರು ಹೋದರೆ ಅವರ ನೆನಪೂ ಹೋಯಿತು. ಆದ್ದರಿಂದ ಈ ಭಾನುವಾರವೇ ಅಜ್ಜ ಅಜ್ಜಿಯರ ಎದುರು ಮೊಬೈಲ್ ಇಟ್ಟು, ಅವರ ಅರ್ಧ ನೆನಪಿನ ಸಿನಿಮಾವೊಂದನ್ನು ಅವರ ಬಾಯಿಂದಲೇ ಹೇಳಿಸಿ. ಕಥೆ ಹಿಂದೆಮುಂದೆಯಾದರೆ ಆಗಲಿ, ನಡುವೆ ತಿದ್ದಬೇಡಿ. ಹೇಳಿದ್ದನ್ನು ರಾಜ್ಯೋತ್ಸವದ ದಿನ ಸಂಘಕ್ಕೆ ತನ್ನಿ. ಹುಡುಕುವ ಕೆಲಸಕ್ಕೆ ನಾವು ನಾಲ್ಕೈದು ಜನ ಹೆಂಗಸರು ಸಿದ್ಧರಿದ್ದೇವೆ, ಕಾಫಿಯೂ ಸಿದ್ಧವಿರುತ್ತದೆ.