ಏರಿ ಎತ್ತರಿಸಿದರು, ತೂಬು ಹಿಗ್ಗಿಸಲಿಲ್ಲ

ತೈವಾನಿನ ಸಿನಾಲಜಿ ಕಂಪನಿ 2025ರಲ್ಲಿ ಡಿಎಸ್925+ ಎಂಬ ನಾಲ್ಕು ಡಿಸ್ಕ್‌ಗಳ ನ್ಯಾಸ್ ಪೆಟ್ಟಿಗೆಯನ್ನು (ಮನೆ, ಕಚೇರಿಯ ಜಾಲಕ್ಕೆ ಜೋಡಿಸುವ ಕಡತ ಸಂಗ್ರಹವನ್ನು) ಮಾರುಕಟ್ಟೆಗೆ ಬಿಟ್ಟಾಗ ಕೇಳಿಬಂದ ಮೊದಲ ಗೊಣಗಾಟ ಅದರ ಚಿಪ್ಪಿನ ವಯಸ್ಸಿನ ಬಗ್ಗೆ. ಒಳಗಿದ್ದದ್ದು ಎಎಂಡಿಯ ವಿ1500ಬಿ, 2018ರ ಪ್ರೊಸೆಸರ್. ಅದೇ ವರ್ಷದ ಡಿಎಸ್425+ ಪೆಟ್ಟಿಗೆಯಲ್ಲಿ ಇಂಟೆಲ್‌ನ ಸೆಲೆರಾನ್ ಜೆ4125; ಅದೂ 2019ರದ್ದು. ಎರಡು ವರ್ಷದ ಫೋನನ್ನೇ ಹಳೆಯದೆನ್ನುವ ಕಾಲದಲ್ಲಿ ಇದು ಗ್ರಾಹಕರ ಕಣ್ಣಿಗೆ ಮಣ್ಣೆರಚುವ ಕೆಲಸದಂತೆ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಮನೆಮಂದಿಯ ಫೋಟೊಗಳನ್ನೆಲ್ಲ ಒಂದೆಡೆ ಇಡಬಯಸುವವರು, ಮದುವೆ ವಿಡಿಯೊಗಳ ರಾಶಿ ಹೊತ್ತ ಸ್ಟುಡಿಯೊದವರು, ಲೆಕ್ಕಪತ್ರ ಕಚೇರಿಯವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಈಗಲೇ ಕೊಳ್ಳುವುದೋ, ಹೊಸ ಚಿಪ್ಪಿರುವ ಮುಂದಿನ ಮಾಡೆಲ್‌ಗೆ ಕಾಯುವುದೋ? ಚಿಪ್ಪಿಗಾಗಿ ಕಾಯುವುದು ದಂಡ ಎಂಬುದು ನನ್ನ ವಾದ. ಈ ಪೆಟ್ಟಿಗೆಗಳಲ್ಲಿ ನಿಜಕ್ಕೂ ಚಿಂತೆಗೀಡುಮಾಡುವ ಬದಲಾವಣೆ ಬೇರೆ ಕಡೆ ನಡೆಯುತ್ತಿದೆ, ಅದರತ್ತ ಯಾರೂ ಬೆರಳು ತೋರುತ್ತಿಲ್ಲ.

ನ್ಯಾಸ್‌ನ ಪ್ರೊಸೆಸರ್ ದಿನವಿಡೀ ಮಾಡುವುದೇನು? ಕಡತ ಕೇಳಿದವರಿಗೆ ಡಿಸ್ಕ್‌ನಿಂದ ಓದಿ ಕೇಬಲ್‌ಗೆ ಸುರಿಯುವುದು, ಬಂದದ್ದನ್ನು ಬರೆದಿಡುವುದು. ಬಹುತೇಕ ಮನೆಗಳಲ್ಲಿರುವ ಗಿಗಾಬಿಟ್ ಕೇಬಲ್ ಮಾನದಂಡ 1999ರದ್ದು. ಅದರ ಸೈದ್ಧಾಂತಿಕ ಮಿತಿ ಸೆಕೆಂಡಿಗೆ 125 ಮೆಗಾಬೈಟ್, ಕೈಗೆ ಸಿಗುವುದು 110ರ ಆಸುಪಾಸು. ಇಂದಿನ ಒಂದೇ ಒಂದು ದೊಡ್ಡ ಹಾರ್ಡ್ ಡಿಸ್ಕ್ 200ರಿಂದ 270ರವರೆಗೆ ಕೊಡಬಲ್ಲದು. ಅಂದರೆ ನಾಲ್ಕು ಡಿಸ್ಕ್‌ಗಳ ಪೆಟ್ಟಿಗೆಯಲ್ಲಿ ಒಂದು ಡಿಸ್ಕ್ ದುಡಿದರೇ ಕೇಬಲ್ ತುಂಬಿ ಹೋಗುತ್ತದೆ; ಪ್ರೊಸೆಸರ್ ಆಕಳಿಸುತ್ತ ಕೂತಿರುತ್ತದೆ. ಎರಡೂವರೆ ಗಿಗಾಬಿಟ್ ವೇಗಕ್ಕೆ 2016ರಲ್ಲೇ ಮಾನದಂಡ ಬಂದಿತ್ತು. ಹಳೆಯ ಕೇಬಲ್‌ನಲ್ಲೇ ಓಡುವ, ಹೆಚ್ಚೇನೂ ಖರ್ಚಿಲ್ಲದ ಸುಧಾರಣೆ ಅದು. ಆದರೂ ಈ ಸಾಲಿನ 2022ರ ಡಿಎಸ್923+ನಲ್ಲೂ ಸಿನಾಲಜಿ ಅದನ್ನು ಕೊಡಲಿಲ್ಲ. 925+ನಲ್ಲಿ ಎರಡು ಕಿಂಡಿಗಳಾಗಿ ಬಂತು. ಜೊತೆಗೇ ಹತ್ತು ಗಿಗಾಬಿಟ್ ಕಾರ್ಡ್ ತೂರಿಸುವ ಜಾಗವನ್ನು ಕಿತ್ತುಹಾಕಿದರು. ಬೈಯಲೇಬೇಕೆಂದಿದ್ದರೆ ಅದಕ್ಕೆ ಬೈಯಬೇಕಿತ್ತು, ಚಿಪ್ಪಿಗಲ್ಲ.

ಇನ್ನು ಡಿಸ್ಕ್‌ಗೆ ಬರೋಣ. ಬಯಲುಸೀಮೆಯ ಕೆರೆಯೊಂದನ್ನು ನೆನೆಸಿಕೊಳ್ಳಿ. ಏರಿ ಎತ್ತರಿಸಿದರೆ ಕೆರೆ ಹೆಚ್ಚು ನೀರು ಹಿಡಿಯುತ್ತದೆ. ಆದರೆ ಗದ್ದೆಗೆ ನೀರು ಹೋಗುವುದು ತೂಬಿನಿಂದ. ನೀರು ಎತ್ತರ ನಿಂತಷ್ಟೂ ಒತ್ತಡ ಹೆಚ್ಚಿ ತೂಬಿನ ಹರಿವು ಜಾಸ್ತಿಯಾಗುತ್ತದೆ, ನಿಜ. ಆದರೆ ಅದು ಎತ್ತರದ ವರ್ಗಮೂಲದಂತೆ ಏರುತ್ತದೆ. ನೀರು ನಾಲ್ಕು ಪಟ್ಟು ಎತ್ತರ ನಿಂತರೆ ಹರಿವು ಎರಡೇ ಪಟ್ಟು. ಹಾರ್ಡ್ ಡಿಸ್ಕ್‌ನ ಗಣಿತ ವಿಚಿತ್ರವೆಂಬಷ್ಟು ಇದೇ ರೀತಿಯದು. ಬಿಲ್ಲೆಯ ಮೇಲೆ ವೃತ್ತಾಕಾರದ ಜಾಡುಗಳಿವೆ, ಜಾಡಿನುದ್ದಕ್ಕೂ ಬಿಟ್‌ಗಳು. ಅದೇ ಜಾಗದಲ್ಲಿ ನಾಲ್ಕು ಪಟ್ಟು ಮಾಹಿತಿ ತುಂಬಬೇಕೆಂದರೆ ಜಾಡುಗಳನ್ನು ಎರಡು ಪಟ್ಟು ಒತ್ತಾಗಿಸಿ, ಪ್ರತಿ ಜಾಡಿನಲ್ಲೂ ಬಿಟ್‌ಗಳನ್ನು ಎರಡು ಪಟ್ಟು ಒತ್ತಾಗಿಸಬಹುದು. ಬಿಲ್ಲೆ ಒಂದು ಸುತ್ತು ಸುತ್ತಿದಾಗ ತಲೆಯ ಕೆಳಗೆ ಹಾದುಹೋಗುವುದು ಒಂದೇ ಜಾಡು. ಆದ್ದರಿಂದ ಓದುವ ವೇಗ ಹೆಚ್ಚುವುದು ಎರಡೇ ಪಟ್ಟು. ಸುತ್ತುವ ವೇಗವನ್ನಾದರೂ ಹೆಚ್ಚಿಸಿದರೇ? ಸೀಗೇಟ್‌ನ ಬರಾಕುಡಾ 1992ರಲ್ಲಿ ನಿಮಿಷಕ್ಕೆ 7,200 ಸುತ್ತು ತಿರುಗಿತು. ಇವತ್ತಿನ ದೊಡ್ಡ ನ್ಯಾಸ್ ಡಿಸ್ಕ್‌ಗಳದೂ ಅದೇ 7,200. ಈಚೆಗಂತೂ ಸಾಮರ್ಥ್ಯ ಹೆಚ್ಚುತ್ತಿರುವುದು ಮುಖ್ಯವಾಗಿ ಜಾಡುಗಳನ್ನು ಒತ್ತಾಗಿಸುವುದರಿಂದ, ಬಿಲ್ಲೆಗಳ ಸಂಖ್ಯೆ ಏರಿಸುವುದರಿಂದ. ಹತ್ತು ಬಿಲ್ಲೆ, ಇಪ್ಪತ್ತು ತಲೆ ಇದ್ದರೂ ಎಲ್ಲ ತಲೆಗಳೂ ಒಂದೇ ತೋಳಿನ ಗುಂಪಿಗೆ ಅಂಟಿವೆ. ಅತಿ ಕಿರಿದಾದ ಜಾಡುಗಳ ಮೇಲೆ ಇಪ್ಪತ್ತನ್ನೂ ಏಕಕಾಲಕ್ಕೆ ನೇರ ನಿಲ್ಲಿಸುವುದು ಆಗದ ಮಾತು. ಹಾಗಾಗಿ ಒಂದು ಹೊತ್ತಿಗೆ ಓದುವುದು ಒಂದೇ ತಲೆ.

ಏರಿ ಎತ್ತರಿಸುವ ಕೆಲಸದಲ್ಲಿ ಎಂಜಿನಿಯರುಗಳು ತೋರಿಸಿರುವ ಜಾಣ್ಮೆಗೆ ಮಾತ್ರ ತಲೆಬಾಗಲೇಬೇಕು. ಬಿಟ್ ಚಿಕ್ಕದಾದಂತೆ ಅದನ್ನು ಹಿಡಿದಿಡುವ ಕಾಂತಕಣಗಳೂ ಚಿಕ್ಕದಾಗಬೇಕು. ತೀರ ಚಿಕ್ಕದಾದರೆ ಕೋಣೆಯ ಸಾಮಾನ್ಯ ಶಾಖವೇ ಅವುಗಳ ದಿಕ್ಕನ್ನು ತಿರುಗಿಸಿಬಿಡುತ್ತದೆ, ಬರೆದದ್ದು ತಾನಾಗಿ ಅಳಿಸಿಹೋಗುತ್ತದೆ. ಹಾಗೆಂದು ಹಟಮಾರಿ ವಸ್ತುವನ್ನು, ಕಬ್ಬಿಣ ಮತ್ತು ಪ್ಲಾಟಿನಮ್ ಬೆರಕೆಯನ್ನು, ಬಳಸಿದರೆ ಅದು ಅಳಿಸುವುದಿಲ್ಲವೇನೋ ಸರಿ, ಬರೆಸಿಕೊಳ್ಳುವುದೂ ಇಲ್ಲ. ಇದಕ್ಕೆ ಕಂಡುಕೊಂಡ ದಾರಿ: ಬರೆಯುವ ಕ್ಷಣದಲ್ಲಿ, ಬರೆಯುವ ಚುಕ್ಕೆಯನ್ನಷ್ಟೇ ಪುಟ್ಟ ಲೇಸರ್‌ನಿಂದ 400 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸುವುದು. ಆಗ ವಸ್ತು ಹಟ ಬಿಡುತ್ತದೆ. ಬರೆದು ಮುಗಿದ ಮರುಕ್ಷಣ, ಅಂದರೆ ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ, ತಣ್ಣಗಾಗಿ ಮತ್ತೆ ಹಟ ಹಿಡಿಯುತ್ತದೆ. ದಶಕಗಳ ಕಾಲ ‘ಇನ್ನೇನು ಬಂತು’ ಎನ್ನಿಸಿಕೊಂಡಿದ್ದ ಈ ತಂತ್ರವನ್ನು ಸೀಗೇಟ್ 2024ರ ಜನವರಿಯಲ್ಲಿ 30 ಟೆರಾಬೈಟ್ ವರ್ಗದ ಡಿಸ್ಕ್‌ಗಳಿಗಾಗಿ ಘೋಷಿಸಿತು. 2025ರಲ್ಲಿ ನ್ಯಾಸ್‌ಗೆಂದೇ ಮಾಡಿದ 30 ಟೆರಾಬೈಟ್‌ನ ಐರನ್‌ವುಲ್ಫ್ ಪ್ರೊ ಅಂಗಡಿಗೂ ಬಂತು. ಅದರ ಗರಿಷ್ಠ ವೇಗ ಸೆಕೆಂಡಿಗೆ 275 ಮೆಗಾಬೈಟ್. ಇದರ ಅರ್ಧ ಸಾಮರ್ಥ್ಯದ ಡಿಸ್ಕ್‌ಗಳದೂ ಹೆಚ್ಚುಕಡಿಮೆ ಅಷ್ಟೇ.

ಇದರ ಪರಿಣಾಮ ತಿಳಿಯಬೇಕಾದರೆ ಹಳೆಯ ಲೆಕ್ಕ ತೆಗೆಯಬೇಕು. ಐಬಿಎಂ 1956ರಲ್ಲಿ ತಂದ ಮೊದಲ ಡಿಸ್ಕ್ ಯಂತ್ರ ರಾಮ್ಯಾಕ್‌ನಲ್ಲಿ ಎರಡಡಿ ಅಗಲದ 50 ಬಿಲ್ಲೆಗಳು, ಹಿಡಿಯುತ್ತಿದ್ದುದು 50 ಲಕ್ಷ ಅಕ್ಷರ, ಓದುವ ವೇಗ ಸೆಕೆಂಡಿಗೆ 8,800 ಅಕ್ಷರ. ತೋಳು ಓಡಾಡುವ ಹೊತ್ತನ್ನು ಬಿಟ್ಟರೆ, ಇಡೀ ಯಂತ್ರವನ್ನು ಹತ್ತು ನಿಮಿಷದೊಳಗೆ ಓದಿ ಮುಗಿಸಬಹುದಿತ್ತು. ಬರ್ಕ್‌ಲಿಯ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ 1988ರಲ್ಲಿ, ಹಲವು ಅಗ್ಗದ ಡಿಸ್ಕ್‌ಗಳನ್ನು ಒಟ್ಟಾಗಿ ದುಡಿಸಿ ಒಂದು ಸತ್ತರೂ ಮಾಹಿತಿ ಉಳಿಸುವ ರೇಡ್ ಎಂಬ ಉಪಾಯವನ್ನು ಮಂಡಿಸಿದಾಗ ಅವರ ಮುಂದಿದ್ದ ಅಗ್ಗದ ಡಿಸ್ಕ್ ಕಾನರ್ ಕಂಪನಿಯದು: 100 ಮೆಗಾಬೈಟ್, ಸೆಕೆಂಡಿಗೆ ಸುಮಾರು 1 ಮೆಗಾಬೈಟ್. ಪೂರ್ತಿ ಓದಲು ಎರಡು ನಿಮಿಷ ಸಾಕು. ಅಲ್ಲಿಂದ ಇಲ್ಲಿಗೆ ಸಾಮರ್ಥ್ಯ ಮೂರು ಲಕ್ಷ ಪಟ್ಟು ಬೆಳೆದಿದೆ, ವೇಗ ಮುನ್ನೂರು ಪಟ್ಟೂ ಬೆಳೆದಿಲ್ಲ. ಒಳಜಾಡುಗಳಲ್ಲಿ ವೇಗ ಕುಗ್ಗುವುದರಿಂದ ಸರಾಸರಿ 200 ಎಂದಿಟ್ಟುಕೊಂಡರೆ, 30 ಟೆರಾಬೈಟ್ ಓದಲು ಒಂದೂವರೆ ಲಕ್ಷ ಸೆಕೆಂಡು, ಅಂದರೆ 41 ಗಂಟೆಗೂ ಮೀರಿ ಬೇಕು. ರೇಡ್ 5 ಪದ್ಧತಿಯಲ್ಲಿ ನಾಲ್ಕರಲ್ಲೊಂದು ಡಿಸ್ಕ್ ಸತ್ತರೆ ಉಳಿದ ಮೂರನ್ನೂ ಮೊದಲಿಂದ ಕೊನೆಯವರೆಗೆ ಓದಿ, ಲೆಕ್ಕ ಮಾಡಿ, ಹೊಸ ಡಿಸ್ಕ್‌ಗೆ ಬರೆಯಬೇಕು. ಅಷ್ಟು ಹೊತ್ತು, ಕಚೇರಿಯ ಕೆಲಸವೂ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಹೊತ್ತು, ಮತ್ತೊಂದು ಡಿಸ್ಕ್ ಕೈಕೊಟ್ಟರೆ ಎಲ್ಲವೂ ಹೋಯಿತು. ಎಷ್ಟೇ ಹೊಸ ಚಿಪ್ ಹಾಕಿದರೂ ಈ 41 ಗಂಟೆ 40 ಆಗುವುದಿಲ್ಲ. ತೂಬು ಇರುವುದು ಡಿಸ್ಕ್‌ನಲ್ಲಿ.

ಇದು ಹಳೆಯ ಗುಮ್ಮ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ರಾಬಿನ್ ಹ್ಯಾರಿಸ್ ಎಂಬ ಲೇಖಕರು 2007ರಲ್ಲೇ, 2009ರ ಹೊತ್ತಿಗೆ ರೇಡ್ 5 ಕೆಲಸಕ್ಕೆ ಬಾರದಾಗುತ್ತದೆ ಎಂದು ಬರೆದು ಸಾಕಷ್ಟು ಗದ್ದಲವೆಬ್ಬಿಸಿದ್ದರು. ಹತ್ತರ ಘಾತ ಹದಿನಾಲ್ಕು ಬಿಟ್ ಓದಿದರೆ ಒಂದು ದೋಷ ಎಂಬ ಡಿಸ್ಕ್ ತಯಾರಕರ ಅಂಕಿಯೇ ಅವರ ಆಧಾರ, ಅಂದರೆ 12.5 ಟೆರಾಬೈಟ್‌ಗೊಂದು ದೋಷ. ನಿಜವಾದ ಡಿಸ್ಕ್‌ಗಳು ಆ ಅಂಕಿಗಿಂತ ಎಷ್ಟೋ ಚೆನ್ನಾಗಿ ನಡೆದುಕೊಂಡವು, ರೇಡ್ 5 ಸಾಯಲಿಲ್ಲ. ಡಿಸ್ಕ್ ಸಾಯುವ ಪ್ರಮಾಣ ವರ್ಷಕ್ಕೆ ನೂರಕ್ಕೆ ಒಂದೂವರೆಯ ಆಸುಪಾಸು ಎಂದು ಬ್ಯಾಕ್‌ಬ್ಲೇಜ್ ಕಂಪನಿಯ ಅಂಕಿಅಂಶ ಹೇಳುತ್ತದೆ. ಆ ಎರಡು ದಿನದಲ್ಲೇ ಇನ್ನೊಂದು ಸಾಯುವ ಸಂಭವ ಕಾಗದದ ಮೇಲೆ ಅತ್ಯಲ್ಪ. ಆದರೆ ಕಾಗದದ ಈ ಲೆಕ್ಕ ಪ್ರತಿ ಡಿಸ್ಕ್‌ನ ಸಾವೂ ಸ್ವತಂತ್ರ ಎಂದು ನಂಬುತ್ತದೆ. ರೇಡ್ ಕಲ್ಪಿಸಿದ ಮೂವರಲ್ಲೊಬ್ಬರಾದ ಗಿಬ್ಸನ್ ಅವರೇ ಬಿಯಾಂಕಾ ಶ್ರೋಡರ್ ಜೊತೆ 2007ರಲ್ಲಿ ಸುಮಾರು ಒಂದು ಲಕ್ಷ ಡಿಸ್ಕ್‌ಗಳ ದಾಖಲೆ ಜಾಲಾಡಿ, ಬದಲಿಸಬೇಕಾಗಿ ಬಂದ ಡಿಸ್ಕ್‌ಗಳು ತಯಾರಕರು ಹೇಳಿದ್ದಕ್ಕಿಂತ ಬಹಳ ಹೆಚ್ಚು ಎಂದೂ, ಆ ಸಾವುಗಳು ಒಂದರ ಹಿಂದೊಂದು ಗುಂಪಾಗಿ ಬರುತ್ತವೆ ಎಂದೂ ತೋರಿಸಿದ್ದಾರೆ. ಮನೆಯ ನ್ಯಾಸ್‌ನಲ್ಲಿ ನಾಲ್ಕೂ ಡಿಸ್ಕ್ ಒಂದೇ ದಿನ, ಒಂದೇ ಅಂಗಡಿಯಿಂದ, ಬಹುಶಃ ಒಂದೇ ಪೆಟ್ಟಿಗೆಯಿಂದ ಬಂದವು. ಒಂದೇ ಬಿಸಿಯಲ್ಲಿ, ಅದೇ ಕರೆಂಟ್ ಏರಿಳಿತದಲ್ಲಿ ದುಡಿದವು. ಹಾಗಾಗಿ ಗುಮ್ಮ ಸತ್ತಿಲ್ಲ, ಬರುವುದು ತಡವಾಗಿದೆ ಅಷ್ಟೆ.

ಎರಡನೆಯ ಆಕ್ಷೇಪ ವಿಡಿಯೊದ್ದು. ಸಿನಿಮಾವನ್ನು ಟಿವಿಗೆ ಹೊಂದುವ ರೂಪಕ್ಕೆ ಅಲ್ಲಲ್ಲೇ ಮಾರ್ಪಡಿಸಲು ಚಿಪ್ಪಿನಲ್ಲಿ ಗ್ರಾಫಿಕ್ಸ್ ಭಾಗ ಬೇಕು, ವಿ1500ಬಿಯಲ್ಲಿ ಅದಿಲ್ಲ. ಸರಿ. ಆದರೆ ಇಂದಿನ ಟಿವಿ, ಫೋನ್‌ಗಳು ಬಹುತೇಕ ರೂಪಗಳನ್ನು ತಾವೇ ಬಿಡಿಸಿಕೊಳ್ಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಸಿನಾಲಜಿ 2024ರಲ್ಲಿ ಒಂದು ತಂತ್ರಾಂಶ ಪರಿಷ್ಕರಣೆಯಲ್ಲಿ ತನ್ನ ವಿಡಿಯೊ ಸ್ಟೇಷನ್ ಅನ್ನೇ ಕಿತ್ತುಹಾಕಿತು. ಗ್ರಾಫಿಕ್ಸ್ ಇರುವ ಚಿಪ್ ಇದ್ದವರ ಪೆಟ್ಟಿಗೆಯಿಂದಲೂ ಹೋಯಿತು. ಮೂರನೆಯದು ಎಸ್‌ಎಸ್‌ಡಿ. ಅಸುಸ್ಟೋರ್‌ನ ಫ್ಲಾಶ್‌ಸ್ಟೋರ್‌ನಂಥ ಪೆಟ್ಟಿಗೆಗಳು ತಿರುಗುವ ಡಿಸ್ಕ್ ಇಲ್ಲದೆಯೇ ನಡೆಯುತ್ತವೆ. ಅಲ್ಲಿ ಡಿಸ್ಕ್‌ನ ತೂಬು ದೊಡ್ಡದಾಗುತ್ತದೆ, ಇಕ್ಕಟ್ಟು ಕೇಬಲ್‌ಗೆ ಸರಿಯುತ್ತದೆ: ಎರಡೂವರೆ ಗಿಗಾಬಿಟ್‌ನಲ್ಲಿ ಸಿಗುವುದು ಸೆಕೆಂಡಿಗೆ 280 ಮೆಗಾಬೈಟ್ ಆಸುಪಾಸು, ಅಂದರೆ ಒಂದು ಹಾರ್ಡ್ ಡಿಸ್ಕ್‌ನಷ್ಟೇ. ಬೆಲೆಯೋ, ಟೆರಾಬೈಟ್‌ಗೆ ಹಲವು ಪಟ್ಟು. ಎಐ ಕೇಂದ್ರಗಳ ಹಸಿವಿನಿಂದ ಮೆಮೊರಿ ಬೆಲೆ 2025ರ ಕೊನೆಯಿಂದ ಏರುತ್ತಿರುವಾಗ ಅದು ಇಳಿಯಲೆಂದು ಕಾಯುವುದರಲ್ಲಿ ಅರ್ಥವಿಲ್ಲ. ಫೋಟೊದಲ್ಲಿ ಮುಖ ಗುರುತಿಸುವ ಎಐ ಚಿಪ್ ಬರುತ್ತದೆ ಎಂಬ ಜಾಹೀರಾತಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಆ ಕೆಲಸ ರಾತ್ರಿಯಿಡೀ ನಿಧಾನವಾಗಿ ನಡೆದರೆ ಯಾರಿಗೂ ನಷ್ಟವಿಲ್ಲ.

ಒಂದು ವಿನಾಯಿತಿ ಕೊಡಲೇಬೇಕು: ದೋಷ ತಿದ್ದುವ ಇಸಿಸಿ ಮೆಮೊರಿ. ಅದೇ ಶ್ರೋಡರ್ 2009ರಲ್ಲಿ ಗೂಗಲ್‌ನ ಸರ್ವರ್‌ಗಳನ್ನು ಅಭ್ಯಸಿಸಿ, ವರ್ಷದಲ್ಲಿ ಶೇಕಡ 8ಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ದೋಷ ಕಾಣಿಸಿಕೊಂಡಿತ್ತೆಂದು ಸಹೋದ್ಯೋಗಿಗಳೊಡನೆ ವರದಿ ಮಾಡಿದರು. ತಪ್ಪಾದ ಬಿಟ್ ಡಿಸ್ಕ್‌ಗೆ ಸರಿಯೆಂಬಂತೆ ಬರೆದುಹೋದರೆ ರೇಡ್ ಅದನ್ನೂ ನಿಷ್ಠೆಯಿಂದ ಕಾಪಾಡುತ್ತದೆ. ವಿಪರ್ಯಾಸವೆಂದರೆ ಎಲ್ಲರೂ ಬೈದ ಆ 2018ರ ಚಿಪ್ ಇಸಿಸಿಗೆ ಹೊಂದುತ್ತದೆ, ಜೆ4125 ಹೊಂದುವುದಿಲ್ಲ.

ಚಿಪ್ಪಿನ ವಯಸ್ಸಿಗಿಂತ ತಂತ್ರಾಂಶದ ಆಯುಸ್ಸು ದೊಡ್ಡದು ಎನ್ನಲು ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಪೆಟ್ಟಿಗೆಯ ಉದಾಹರಣೆ ಸಾಕು. 2015ರಿಂದ ಅದಕ್ಕೆ ಪರಿಷ್ಕರಣೆ ನಿಂತಿತ್ತು. 2021ರ ಜೂನ್‌ನಲ್ಲಿ ಇಂಟರ್ನೆಟ್‌ಗೆ ತೆರೆದುಕೊಂಡಿದ್ದ ಪೆಟ್ಟಿಗೆಗಳನ್ನು ಯಾರೋ ದೂರದಿಂದಲೇ ಅಳಿಸಿಹಾಕಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್ ಪೆಟ್ಟಿಗೆಗಳ ಕಡತಗಳಿಗೆ ಕ್ಯೂಲಾಕರ್ ಎಂಬ ಸುಲಿಗೆ ತಂತ್ರಾಂಶ ಬೀಗ ಹಾಕಿತ್ತು. ಎರಡರಲ್ಲೂ ಡಿಸ್ಕ್ ಕೆಟ್ಟಿರಲಿಲ್ಲ, ರೇಡ್ ಕೆಟ್ಟಿರಲಿಲ್ಲ. ಆದ್ದರಿಂದ ಹೊಸ ಚಿಪ್ಪಿನ ಮಾಡೆಲ್‌ಗೆಂದು ತೆಗೆದಿಟ್ಟ ಹಣದಲ್ಲಿ ಇನ್ನೊಂದು ಡಿಸ್ಕ್ ಕೊಂಡು, ವಾರಕ್ಕೊಮ್ಮೆ ನಕಲು ಮಾಡಿ, ಬಿಚ್ಚಿ ಬೇರೆ ಮನೆಯಲ್ಲಿಡುವುದು ಲಾಭದ ಕೆಲಸ. ನಾಲ್ಕು ದೈತ್ಯ ಡಿಸ್ಕ್‌ಗಳ ರೇಡ್ 5ಕ್ಕಿಂತ ಎರಡೆರಡರ ಜೋಡಿ ಪ್ರತಿ ಮೇಲು. ಒಂದು ಸತ್ತರೆ ಓದಬೇಕಾದದ್ದು ಅದರ ಜೋಡಿಯನ್ನು ಮಾತ್ರ.

ಕಾಯಲು ಯೋಗ್ಯವಾದ ಯಂತ್ರಾಂಶ ಇಲ್ಲವೇ ಇಲ್ಲ ಎಂದಲ್ಲ. ಸೀಗೇಟ್‌ನ ಎಕ್ಸೋಸ್ 2ಎಕ್ಸ್18 ಡಿಸ್ಕ್‌ನಲ್ಲಿ ತೋಳಿನ ಗುಂಪು ಒಂದಲ್ಲ, ಎರಡು. ಎರಡೂ ಸ್ವತಂತ್ರವಾಗಿ ಓದುವುದರಿಂದ ವೇಗ ಸೆಕೆಂಡಿಗೆ 500 ಮೆಗಾಬೈಟ್ ದಾಟುತ್ತದೆ, ಪೂರ್ತಿ ಓದುವ ಹೊತ್ತು ಅರ್ಧಕ್ಕಿಳಿಯುತ್ತದೆ. ಅದನ್ನು ಮಾಡಿದ್ದು ದತ್ತಾಂಶ ಕೇಂದ್ರಗಳಿಗೆ. ಮನೆಯ ನ್ಯಾಸ್‌ಗೆಂದು ಮಾರುವ ಡಿಸ್ಕ್‌ಗಳಲ್ಲಿ ತೋಳು ಈಗಲೂ ಒಂದೇ. ಮುಂದಿನ ವರ್ಷದ ಘೋಷಣೆಗಳಲ್ಲಿ ಹುಡುಕಬೇಕಾದ ಸಾಲು ಈ ಎರಡನೆಯ ತೋಳಿನ ಬಗ್ಗೆ. ಪ್ರೊಸೆಸರ್ ಹೆಸರಿನ ಸಾಲನ್ನು ದಾಟಿ ಓದಿದರೆ ನಡೆಯುತ್ತದೆ.